ಎರಡನೆಯ ಸಾಲಿನ ನಕ್ಷತ್ರ

ಗುರುವಾರ, 11 ಜುಲೈ 2024

ಬೀಳಗಿಯ ಅಂಗಡಿಯಿಂದ ಹದಿನಾಲ್ಕು ಸೀರೆ ವಾಪಸು ಬಂದವು. ಮದುವೆ ಮನೆಯವರು ಉಟ್ಟು ನೋಡಿ ಬೇಡವೆಂದರಂತೆ. ಎಡದಡಿಯ, ಅಂದರೆ ಎಡ ಅಂಚಿನ ಗಿಳಿಗಳು ಸೆರಗಿನ ಕಡೆ ಮುಖ ಮಾಡಿವೆ, ಬಲದಡಿಯವು ಸೆರಗಿಗೆ ಬೆನ್ನು ಮಾಡಿವೆ. ಮಡಿಕೆಯಲ್ಲಿದ್ದಾಗ ಯಾರಿಗೂ ಕಂಡಿಲ್ಲ.

ನೇಕಾರರ ಸಂಘದ ಅಧ್ಯಕ್ಷ ಬಸಗೊಂಡಪ್ಪನವರು ಒಂದು ಸೀರೆಯನ್ನು ನನ್ನ ಮೇಜಿನ ಮೇಲೆ ಹಾಸಿ, ಇದು ಹೇಗಾಯಿತು ಎಂದು ಕೇಳಿದರು. ನೇಯ್ದವಳು ಮಗ್ಗದ ಕಾರ್ಡುಗಳನ್ನು ತಿರುವಿ ಕಟ್ಟಿದ್ದಾಳೆ ಎಂದು ನೋಡಿದ ಕೂಡಲೇ ಹೇಳಿದೆ. ನೇಯ್ದವಳು ರಬಕವಿಯ ಬೋರವ್ವ ಎಂಬುವಳು. ಅವಳ ಮುಖ ನಾನು ನೋಡಿಲ್ಲ. ಕಾರ್ಡು ಒಯ್ಯಲು ಅವಳ ಮನೆಯಿಂದ ಯಾರೋ ಬರುತ್ತಾರೆ.

ಹನ್ನೊಂದು ವರ್ಷದಿಂದ ಬನಹಟ್ಟಿಯ ಈ ಸಂಘದ ಡಿಜೈನ್ ಕೋಣೆ ನನ್ನದು. ನಕ್ಷೆ ಹಾಳೆಯ ಮೇಲಿನ ಚಿತ್ರವನ್ನು ವೀರಣ್ಣ ಮಾಸ್ತರರು ಬರೆದುಕೊಟ್ಟ ಕಂಪ್ಯೂಟರ್ ಪ್ರೋಗ್ರಾಮಿಗೆ ಕೊಟ್ಟರೆ, ಮಗ್ಗದ ಎಳೆ ಎತ್ತುವ ಜಕಾರ್ಡಿನ ರಟ್ಟಿನ ಕಾರ್ಡುಗಳಲ್ಲಿ ಎಲ್ಲೆಲ್ಲಿ ತೂತು ಬೀಳಬೇಕು ಎಂದು ಅದು ಪಟ್ಟಿ ಮಾಡಿ ಕೊಡುತ್ತದೆ. ಇಷ್ಟು ವರ್ಷದಲ್ಲಿ ಒಂದು ತೂತು ತಪ್ಪಿಲ್ಲ. ಈಗ ಹೊರಗಿನ ಕಂಪನಿಯೊಂದರ ತಂತ್ರಾಂಶ ತರಿಸಬೇಕೆಂದು ಕೆಲವರು ಅಧ್ಯಕ್ಷರ ಕಿವಿ ಊದುತ್ತಿದ್ದಾರೆ. ಊದಲಿ. ನಾನಿರುವ ತನಕ ಅದು ಆ ಕೋಣೆಯ ಹೊಸ್ತಿಲು ದಾಟುವುದಿಲ್ಲ.

ಶುಕ್ರವಾರ, 12 ಜುಲೈ

ಬೋರವ್ವನಿಗೆ ನೂಲು ಕೊಡುವುದನ್ನು ನಿಲ್ಲಿಸಿದರು. ತಪ್ಪುಗಳ ಪುಸ್ತಕದಲ್ಲಿ ಅವಳ ಹೆಸರು ಬರೆದು, ಕಾರಣದ ಕೆಳಗೆ ನನ್ನ ಸಹಿ ಕೇಳಿದರು. ಹಾಕಿದೆ.

ಮಂಗಳವಾರ, 16 ಜುಲೈ

ಕಂಪನಿಯವನು ಬಂದಿದ್ದ. ನಿಮ್ಮ ಪ್ರೋಗ್ರಾಂ ಪೈಥಾನ್ ಭಾಷೆಯ ಎರಡನೆಯ ವರ್ಶನ್ನಿನಲ್ಲಿ ಬರೆದದ್ದಂತೆ, ಅದರ ಆಯುಸ್ಸು ಮುಗಿದು ನಾಲ್ಕು ವರ್ಷವಾಯಿತಲ್ಲ ಎಂದು ಅಧ್ಯಕ್ಷರ ಎದುರೇ ನಕ್ಕ.

ನಾನು ಸುಮ್ಮನಿರಲಿಲ್ಲ. ಏಪ್ರಿಲ್‌ನಲ್ಲಿ ಹಳೆಯ ಕಂಪ್ಯೂಟರ್ ಸುಟ್ಟುಹೋದಾಗ ಹೊಸದಕ್ಕೆ ಹೊಸ ಪೈಥಾನ್ ಹಾಕಿ, ಎರಡು ಸಾವಿರ ಸಾಲನ್ನೂ ಒಬ್ಬಳೇ ಕೂತು ಪೈಥಾನ್ ಮೂರಕ್ಕೆ ತಂದವಳು ನಾನು ಎಂದೆ. ಹಳೆಯದರಲ್ಲಿ ಏಳನ್ನು ಎರಡರಿಂದ ಭಾಗಿಸಿದರೆ ಮೂರು ಬರುತ್ತಿತ್ತು, ಹೊಸದರಲ್ಲಿ ಮೂರೂವರೆ ಬರುತ್ತದೆ. ಮಗ್ಗದಲ್ಲಿ ಅರ್ಧ ಎಳೆ ಎತ್ತಲಾಗುತ್ತದೆಯೇ? ಅಂಥವನ್ನೆಲ್ಲ ಹುಡುಕಿದೆ. ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ತೋರಿಸಿದ ಒಂದೊಂದು ತಪ್ಪನ್ನೂ ತಿದ್ದಿದೆ. ಕೊನೆಗೆ ಗೋಪುರದ ದಡಿ ಹಾಕಿ ನೋಡಿದಾಗ ಹಳೆಯ ಕಾರ್ಡಿಗೂ ಹೊಸದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಇದನ್ನೆಲ್ಲ ಅವನಿಗೆ ಹೇಳಿ, ಇವತ್ತು ಮಾಡಿದ ಡಿಜೈನ್ ಮೂರು ವರ್ಷದ ಮೇಲೆ ನಿಮ್ಮ ಹೊಸ ವರ್ಶನ್ನಿನಲ್ಲಿ ತೆರೆಯುತ್ತದೆಯೇ ಎಂದು ಕೇಳಿದೆ. ಅಪ್‌ಡೇಟ್ ಒಪ್ಪಂದ ಇದ್ದರೆ ತೆರೆಯಬಹುದು ಎಂದ. ‘ಬಹುದು’ ಎಂದದ್ದನ್ನು ಅಧ್ಯಕ್ಷರೂ ಕೇಳಿಸಿಕೊಂಡರು.

ಗೆದ್ದೆ ಅನ್ನಿಸಿತು.

ಶುಕ್ರವಾರ, 19 ಜುಲೈ

ಬೋರವ್ವ ಬಂದಿದ್ದಳು. ಐವತ್ತೈದರ ಆಸುಪಾಸಿನ ಹೆಂಗಸು, ಬೆರಳುಗಳಿಗೆ ಬಣ್ಣ ಹತ್ತಿತ್ತು. ಕೂತುಕೋ ಎಂದು ನಾನು ಹೇಳಲಿಲ್ಲ.

“ಕಾರ್ಡ್ ತಿರುವಿ ಕಟ್ಟೇನಿ ಅಂತ ಬರದೀರಿ,” ಅಂದಳು. “ತಿರುವಿ ಕಟ್ಟಿದ್ರ ಎರಡೂ ದಡಿ ತಿರುಗತಾವ್ರಿ ಮ್ಯಾಡಮ್. ಒಂದ ದಡಿ ಅಷ್ಟ ಹೆಂಗ ತಿರುಗತೈತಿ, ನೀವ ಹೇಳ್ರಿ.”

ನನಗೆ ಕೆಲಸವಿದೆ, ಏನಿದ್ದರೂ ಅಧ್ಯಕ್ಷರನ್ನು ಕೇಳು ಎಂದೆ. ಅವಳು ಹೋಗಲಿಲ್ಲ. ಮೇಜಿನ ಮೇಲಿದ್ದ ಕಾರ್ಡೊಂದನ್ನು ಎತ್ತಿ ಬೆಳಕಿಗೆ ಹಿಡಿದು, ಎಡದಂಚು ಬಲದಂಚು ಎರಡನ್ನೂ ಬೆರಳಲ್ಲಿ ತೋರಿಸಿ, ಅಲ್ಲೇ ಇಟ್ಟು ನಡೆದಳು. ಡಿಜೈನ್ ಕೋಣೆಯೊಳಗೆ ಬಂದು ನನಗೇ ಪಾಠ ಹೇಳುವಷ್ಟು ಧೈರ್ಯ. ಮಾಸ್ತರರ ಪ್ರೋಗ್ರಾಮಿನ ಮೇಲೆ ಬೆರಳು ಮಾಡುವವರು ಯಾರೇ ಆಗಲಿ, ನಾನು ಬಿಡುವವಳಲ್ಲ.

ಎರಡೂ ದಡಿ ಒಂದೇ ಕಾರ್ಡಿನ ಮೇಲಿವೆ. ಅದು ನನಗೂ ಗೊತ್ತು.

ಶನಿವಾರ, 20 ಜುಲೈ

ತಲೆನೋವು. ಹೋಗಲಿಲ್ಲ.

ಸೋಮವಾರ, 22 ಜುಲೈ

ಬೆಳಿಗ್ಗೆ ಎಂಟಕ್ಕೇ ಕೋಣೆ ತೆರೆದೆ. ಗಿಳಿಯ ಡಿಜೈನನ್ನು ಮತ್ತೆ ಪ್ರೋಗ್ರಾಮಿಗೆ ಕೊಟ್ಟು, ಬಂದ ಪಟ್ಟಿಯನ್ನು ನಕ್ಷೆ ಹಾಳೆಯ ಮೇಲೆ ಪೆನ್ಸಿಲಿನಿಂದ ಒಂದೊಂದೇ ಚೌಕ ತುಂಬುತ್ತ ಬಂದೆ. ಬಲದಡಿಯ ಗಿಳಿ ನನ್ನ ಪೆನ್ಸಿಲಿನ ಕೆಳಗೇ ಬೆನ್ನು ತಿರುಗಿಸಿತು. ಮಗ್ಗವಿಲ್ಲ, ಬೋರವ್ವ ಇಲ್ಲ, ನಾನೊಬ್ಬಳೇ ಇದ್ದೆ.

ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಪ್ರೋಗ್ರಾಮಿನ ಮೊದಲ ಎರಡು ಸಾಲುಗಳಲ್ಲೇ ಇತ್ತು. ಮೊದಲ ಸಾಲು, ಮಾಸ್ತರರದೇ ‘ದಡಿ’ ಫೈಲಿನಿಂದ ಎಲ್ಲವನ್ನೂ ಇಂಪೋರ್ಟ್ ಮಾಡು, ಅಂದರೆ ತರಿಸಿಕೋ ಎನ್ನುತ್ತದೆ. ಎರಡನೆಯದು, ಬೇರೆಯವರು ಬರೆದಿಟ್ಟ ಗಣಿತದ ತುಣುಕುಗಳ ಲೈಬ್ರರಿಯಿಂದ ಎಲ್ಲವನ್ನೂ ಮಾಡು ಎನ್ನುತ್ತದೆ. ‘ಎಲ್ಲ’ ಎನ್ನಲು ಪೈಥಾನ್‌ನಲ್ಲಿ ಒಂದು ನಕ್ಷತ್ರದ ಗುರುತು. ಬೇಕಾದ್ದನ್ನು ಹೆಸರು ಹಿಡಿದು ಒಂದೊಂದಾಗಿ ತರಿಸಬಹುದು, ಇಲ್ಲವೇ ನಕ್ಷತ್ರ ಹಾಕಿ ಚೀಲವನ್ನೇ ಸುರಿದುಕೊಳ್ಳಬಹುದು. ಎರಡು ಚೀಲದಲ್ಲೂ ಒಂದೇ ಹೆಸರಿನದು ಇದ್ದರೆ ಆಮೇಲೆ ಸುರಿದದ್ದು ಮೊದಲಿನದನ್ನು ಮುಚ್ಚಿಬಿಡುತ್ತದೆ. ಸದ್ದಿಲ್ಲದೆ. ಕೆಂಪು ಅಕ್ಷರ ಬರುವುದಿಲ್ಲ.

ಮಾಸ್ತರರ ಫೈಲಿನಲ್ಲಿ ‘ಫ್ಲಿಪ್’ ಎಂಬ ತುಂಡೊಂದಿದೆ. ಎಡದಡಿಯನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾಡಿ ಬಲದಡಿಯನ್ನು ಕೊಡುವುದು ಅದರ ಕೆಲಸ. ಅವರು ಬರೆದ ಕಾಲದ ಲೈಬ್ರರಿಯಲ್ಲಿ ಆ ಹೆಸರೇ ಇರಲಿಲ್ಲ. ಏಪ್ರಿಲ್‌ನಲ್ಲಿ ನಾನು ಹಾಕಿದ ಹೊಸ ವರ್ಶನ್ನಿನಲ್ಲಿ ಅದೇ ಹೆಸರಿನದೊಂದಿದೆ, ಅದು ಎಡಬಲದ ಜೊತೆಗೆ ಸೀರೆಯ ಉದ್ದಕ್ಕೆ ಬರುವ ಮೇಲುಕೆಳಗನ್ನೂ ತಿರುಗಿಸುತ್ತದೆ. ಗೋಪುರವನ್ನು ಸೀರೆಯ ಉದ್ದಕ್ಕೆ ಯಾವ ಕಡೆ ತಿರುಗಿಸಿದರೂ ಅದೇ ಗೋಪುರ, ಹಾಗಾಗಿ ನನ್ನ ಪರೀಕ್ಷೆಯಲ್ಲಿ ಸಿಗಲಿಲ್ಲ. ಗಿಳಿಗೆ ಕೊಕ್ಕಿದೆ.

ತಿದ್ದಲು ಹಿಡಿದದ್ದು ಹತ್ತು ನಿಮಿಷ. ನಕ್ಷತ್ರ ಎರಡನ್ನೂ ತೆಗೆದು, ಯಾವುದು ಎಲ್ಲಿಂದ ಬರುತ್ತದೆ ಎಂದು ಹೆಸರು ಹಿಡಿದು ಬರೆದೆ.

ಐದನೆಯ ಇಯತ್ತೆ ತನಕ ಶಾಲೆ ಓದಿದ ಹೆಂಗಸು ಕಾರ್ಡನ್ನು ಬೆಳಕಿಗೆ ಹಿಡಿದು ಅರ್ಧ ನಿಮಿಷದಲ್ಲಿ ಹೇಳಿದ್ದು, ಜಮಖಂಡಿಯಲ್ಲಿ ಬಿಸಿಎ ಮಾಡಿದ ನನಗೆ ನಾಲ್ಕು ದಿನ ಬೇಕಾಯಿತು. ಬರೆಯಲು ಕೈ ಬರುತ್ತಿಲ್ಲ. ಸಾಕು.

ಬುಧವಾರ, 24 ಜುಲೈ

ರಜೆ ಹಾಕಿ ಮುಧೋಳಕ್ಕೆ ಹೋಗಿ ಬಂದೆ. ಮಹಾಲಿಂಗಪುರದ ಸ್ಟ್ಯಾಂಡಿನಲ್ಲಿ ಮುಕ್ಕಾಲು ತಾಸು ಬಸ್ಸಿಲ್ಲ. ಆ ಮುಕ್ಕಾಲು ತಾಸೂ, ತಪ್ಪು ಮಾಸ್ತರರದಲ್ಲ, ಲೈಬ್ರರಿ ಬರೆದವರದು ಎಂದು ನನ್ನೊಳಗೇ ವಾದ ಮಾಡುತ್ತಿದ್ದೆ.

ವೀರಣ್ಣ ಮಾಸ್ತರರಿಗೆ ಈಗ ಎಪ್ಪತ್ತೆರಡು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಿಯಾದ ಮೇಲೆ ತಾವೇ ಪೈಥಾನ್ ಕಲಿತು ಈ ಪ್ರೋಗ್ರಾಂ ಬರೆದು ಸಂಘಕ್ಕೆ ಪುಕ್ಕಟೆ ಕೊಟ್ಟವರು. ನಾನು ತಂದ ಪ್ರೋಗ್ರಾಮಿನ ಹಾಳೆಯನ್ನು ಕನ್ನಡಕ ಏರಿಸಿ ನೋಡಿದರು. ಎರಡನೆಯ ಸಾಲಿಗೇ ನಿಂತರು.

“ಹೆಸರ ಬರಿಯೂ ಬ್ಯಾಸರಕಿಗೆ ನಕ್ಷತ್ರ ಹಾಕಿದ್ದೆ,” ಅಂದರು. “ಹಾಕಬಾರದಿತ್ತು. ಸಂಘದ ಸಭಾದಾಗ ನನ್ನ ಹೆಸರ ಹೇಳಿಬಿಡು. ಈ ವಯಸ್ಸಿನ್ಯಾಗ ನನಗ ಯಾರೇನ ಮಾಡತಾರ?”

ಎಷ್ಟು ಹಗುರ ಮಾಡಿಬಿಟ್ಟರು. ಹೂಂ ಅನ್ನಬೇಕೆಂದು ಬಾಯಿತನಕ ಬಂದಿತ್ತು. ಅನ್ನಲಿಲ್ಲ. ನೀವು ಬರೆದಾಗ ಅದು ಸರಿ ಇತ್ತು, ಹತ್ತು ವರ್ಷ ಸರಿ ನಡೆಯಿತು, ವರ್ಶನ್ ಬದಲು ಮಾಡಿದವಳು ನಾನು, ಒಂದೇ ದಡಿ ಹಾಕಿ ನೋಡಿ ಸಾಕೆಂದವಳೂ ನಾನು ಎಂದೆ. ಅವರು ಹಾಳೆ ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ ಒಳಗೆ ಹೋಗಿ ತಾವೇ ಚಹಾ ಮಾಡಿ ತಂದರು.

ಶುಕ್ರವಾರ, 26 ಜುಲೈ

ಅಧ್ಯಕ್ಷರಿಗೆ ಎಲ್ಲ ಹೇಳಿದೆ. ಬಾಗಿಲು ಮುಂದೆ ಮಾಡಿ ಬಂದು ಕೂತರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

“ಸರಿ ಮಾಡೀಯಲ್ಲ ಉಜ್ವಲಾ, ಮುಗೀತು,” ಅಂದರು. “ಇದನ್ನ ಹೊರಗ ಹೇಳಿದ್ರ ನಾಳಿಗೇ ಕಂಪನಿ ಸಾಫ್ಟ್‌ವೇರ್ ತರ್ರಿ ಅಂತಾರ. ನಿನ್ನ ಕೋಣಿ ಹೋಗತೈತಿ. ಬೋರವ್ವಗ ಎರಡ ತಿಂಗಳ ಬಿಟ್ಟ ನೂಲ ಕೊಡೂಣು. ಸುಮ್ಮನಿರು.”

ಹನ್ನೊಂದು ವರ್ಷ ಈ ಮನುಷ್ಯ ನನ್ನ ಬೆನ್ನಿಗೆ ನಿಂತಿದ್ದಾರೆ. ಹೆಣ್ಣುಮಗಳ ಕೈಗೆ ಡಿಜೈನ್ ಕೋಣೆ ಯಾಕೆ ಎಂದು ಉಳಿದವರು ತಕರಾರು ತೆಗೆದಾಗ ಬೀಗದ ಕೈಯನ್ನು ನನ್ನ ಕೈಗಿಟ್ಟವರು ಅವರೇ. ಇವತ್ತೂ ನನ್ನನ್ನು ಉಳಿಸಲಿಕ್ಕೇ ಹೇಳಿದರು. ಎರಡು ತಿಂಗಳು ಒಂದು ಮಗ್ಗ ಸುಮ್ಮನಿರಬೇಕು, ನಾನು ಉಳಿಯಬೇಕು ಎಂದಾಯಿತು. ಆಗುವುದಿಲ್ಲ ಎಂದೆ. ವಿಚಾರ ಮಾಡು ಎಂದರು. ಮಾಡಿಯಾಗಿದೆ ಎಂದೆ.

ಭಾನುವಾರ, 28 ಜುಲೈ

ರಬಕವಿಗೆ ನಡೆದೇ ಹೋದೆ. ಬೋರವ್ವನವರ ಮನೆ ಕೇಳಿಕೊಂಡು ಹೋಗಬೇಕಾಯಿತು. ಓಣಿಯ ತುಂಬ ಮಗ್ಗದ ಸದ್ದು, ಅವರ ಮನೆಯೊಂದರಲ್ಲಿ ಇಲ್ಲ. ಪಡಸಾಲೆಯಲ್ಲಿ ಮಗ್ಗದ ಮೇಲೆ ಹಳೆಯ ಸೀರೆ ಹೊದಿಸಿದ್ದರು. ಅವರು ಜೋಳ ಹಸನು ಮಾಡುತ್ತ ಕೂತಿದ್ದರು. ನನ್ನನ್ನು ಕಂಡು ಚಾಪೆ ಹಾಸಿದರು.

ತಪ್ಪು ನನ್ನದು ಎಂದೆ. ಹೇಗಾಯಿತು ಎಂಬುದನ್ನೂ ಹೇಳಿದೆ. ಎರಡು ಮನೆಯಿಂದ ಒಂದೇ ಹೆಸರಿನವರಿಬ್ಬರು ಬಂದರೆ ಯಾರನ್ನು ಕರೆದಂತಾಯಿತು ಎಂದು ಅವರೇ ಕೇಳಿದರು. ನನ್ನ ಕಂಪ್ಯೂಟರ್ ಕೊನೆಗೆ ಬಂದವನಿಗೇ ಓ ಅನ್ನುತ್ತದೆ ಎಂದೆ. ಮೊರ ಕೆಳಗಿಟ್ಟರು.

“ಹದಿನಾರ ದಿನಾ ಆತು ಮಗ್ಗ ನಿಂತು. ಓಣ್ಯಾಗ ಎಲ್ಲಾರೂ ಕೇಳತಾರ, ಬೋರವ್ವ, ಕಣ್ಣ ಕಾಣೂದಿಲ್ಲೇನ ನಿನಗ ಅಂತ. ಮನ್ಯಾಗ ಬಂದು ನನಗ ಒಬ್ಬಾಕಿಗೆ ಹೇಳಿದ್ರ ಏನ ಆತು? ಪುಸ್ತಕದಾಗ ಬರದೀದಿ. ಅಲ್ಲೇ ಸಭಾದಾಗ ಬಂದ ಹೇಳು.”

ಹೂಂ ಅಂದೆ. ಚಹಾ ಕುಡಿಯಲು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಶುಕ್ರವಾರ, 9 ಆಗಸ್ಟ್, ನಾಗರಪಂಚಮಿ

ಅವ್ವ ಶೇಂಗಾದ ಉಂಡಿ ಕಟ್ಟುತ್ತ ಬೆಳಗಿನಿಂದ ಒಂದೇ ಮಾತು. ಸಂಘದ ಕೆಲಸ ಹೋದರೆ ಮುಂದೇನು, ನಲವತ್ತರ ಹೊಸ್ತಿಲಲ್ಲಿ ಯಾರು ಕರೆದು ಕೊಡುತ್ತಾರೆ, ಬೋರವ್ವ ನಮಗೇನಾಗಬೇಕು. ಅವಳ ಭಯ ಸುಳ್ಳಲ್ಲ. ಎರಡು ಉಂಡಿ ತಿಂದು, ಭಾನುವಾರದ ಸಭೆಗೆ ಏನು ಹೇಳಬೇಕೆಂದು ಬರೆದುಕೊಂಡೆ. ಮೂರು ಹಾಳೆಯಾಯಿತು. ಹರಿದೆ.

ಭಾನುವಾರ, 11 ಆಗಸ್ಟ್

ಸಭೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ. ಬೋರವ್ವಕ್ಕ ಹೆಂಗಸರ ಸಾಲಿನಲ್ಲಿ ಹಿಂದೆ ಕೂತಿದ್ದರು. ವರದಿ ಓದಿ ಮುಗಿಸಿ, ಇನ್ನೇನಾದರೂ ಇದೆಯೇ ಎಂದು ಅಧ್ಯಕ್ಷರು ನನ್ನ ಕಡೆ ನೋಡದೆ ಕೇಳಿದರು. ಎದ್ದು ನಿಂತೆ.

“ಗಿಳಿ ದಡಿ ತಪ್ಪು ನಂದು. ಬೋರವ್ವಕ್ಕಂದಲ್ಲ. ಗೊತ್ತಿಲ್ಲದನ ಸಹಿ ಹಾಕೇನಿ, ಅದೂ ನಂದ ತಪ್ಪು,” ಅಂದೆ. ಅಷ್ಟೇ ಮೊದಲು ಹೇಳಿದೆ. ಆಮೇಲೆ ಕೇಳಿದವರಿಗೆ ಕಾರ್ಡು ಹಿಡಿದು ತೋರಿಸಿದೆ.

ಗದ್ದಲವಾಯಿತು. ಅಧ್ಯಕ್ಷರು ಹೇಳಿದ್ದ ಮಾತು ಸುಳ್ಳಾಗಲಿಲ್ಲ. ಕಂಪನಿಯ ಪರವಾಗಿದ್ದವರು ಅಲ್ಲೇ ನಿಂತು, ಹೊಸ ತಂತ್ರಾಂಶ ಬರುವ ತನಕ ಡಿಜೈನ್ ಕೋಣೆಗೆ ಬೀಗ ಹಾಕಬೇಕು, ಉಜ್ವಲಾಬಾಯಿಯವರು ಬೀಗದ ಕೈ ಒಪ್ಪಿಸಬೇಕು ಎಂದು ಗೊತ್ತು ಮಾಡಿಸಿದರು. ಕಾರ್ಯದರ್ಶಿ ಕೈ ಚಾಚಿದ. ತಪ್ಪುಗಳ ಪುಸ್ತಕ ತನ್ನಿ, ಬೋರವ್ವಕ್ಕನ ಹೆಸರು ಹೊಡೆದು ನನ್ನ ಹೆಸರು ಬರೆಯಿರಿ, ಓದಿ ಹೇಳಿ, ಆಮೇಲೆ ಕೊಡುತ್ತೇನೆ ಎಂದೆ. ಪುಸ್ತಕ ಕಪಾಟಿನಲ್ಲಿದೆ, ನಾಳೆ ನೋಡೋಣ ಎಂದ. ಹಾಗಾದರೆ ಬೀಗದ ಕೈಯೂ ನಾಳೆ ಎಂದು ಕೂತೆ.

ಪುಸ್ತಕ ಬಂತು. ಹೊಡೆದ, ಬರೆದ, ಓದಿದ. ಕೊಟ್ಟೆ.

ಸೋಮವಾರ, 12 ಆಗಸ್ಟ್

ಹತ್ತು ಗಂಟೆಗೆ ಚಪ್ಪಲಿ ಮೆಟ್ಟಿ ಬಾಗಿಲ ತನಕ ಬಂದಿದ್ದೆ. ಹೋಗುವುದೆಲ್ಲಿಗೆ?

ಶನಿವಾರ, 17 ಆಗಸ್ಟ್

ಹಾಲಸಿದ್ದಪ್ಪ ಮನೆಗೆ ಬಂದಿದ್ದ. ಬನಹಟ್ಟಿಯ ಪೇಟೆಯಲ್ಲಿ ಕಾರ್ಡು ಕೊರೆಯುವ ಅಂಗಡಿಯವನು. ಸಂಘದ ಕೋಣೆ ಮುಚ್ಚಿದ ಮೇಲೆ ನೇಕಾರರು ನಕ್ಷೆ ಹಾಳೆ ಹಿಡಿದು ಅವನ ಅಂಗಡಿಗೆ ಬರುತ್ತಿದ್ದಾರಂತೆ, ಕೊರೆಯುವ ಯಂತ್ರವಿದೆ, ಪಟ್ಟಿ ಮಾಡುವವರಿಲ್ಲ. ಒಂದು ಮೇಜು ಖಾಲಿ ಮಾಡಿ ಕೊಡುತ್ತೇನೆ ಎಂದ. ಮಾಸ್ತರರಿಗೆ ಫೋನ್ ಮಾಡಿ ಕೇಳಿದೆ. ಪ್ರೋಗ್ರಾಂ ನನ್ನದು, ಎಲ್ಲಿ ಬೇಕಾದರೂ ನಡೆಸು ಎಂದರು. ತಿದ್ದಿದ ಪ್ರತಿ ನನ್ನ ಪೆನ್‌ಡ್ರೈವಿನಲ್ಲಿದೆ.

ನಾಡಿದ್ದಿನಿಂದ ಶುರು. ಯಾವ ಪೈಥಾನ್, ಯಾವ ಲೈಬ್ರರಿಯ ಯಾವ ವರ್ಶನ್ ಎಂದು ಹಾಳೆಯ ಮೇಲೆ ಬರೆದು ಮೇಜಿನ ಎದುರಿನ ಗೋಡೆಗೆ ಅಂಟಿಸಬೇಕು.

ಶುಕ್ರವಾರ, 23 ಆಗಸ್ಟ್

ಬೋರವ್ವಕ್ಕ ಅಂಗಡಿಗೆ ಬಂದರು. ಸಂಘದ ನೂಲು ಮತ್ತೆ ಸಿಕ್ಕಿದೆಯಂತೆ. ಆನೆಯ ದಡಿಯ ಹಾಳೆ ತಂದಿದ್ದರು. ಪಟ್ಟಿ ಮಾಡಿ ಕೊಟ್ಟೆ. ಕೊರೆಯುವ ಮೊದಲು ನನ್ನ ಪಕ್ಕ ಕೂತು, ಪರದೆಯ ಮೇಲೆ ಬೆರಳಿಟ್ಟು ಎರಡೂ ಕಡೆಯ ಸೊಂಡಿಲು ನೋಡಿದರು.

“ಇದೊಂದ ಸರಿ ಆದ್ರ ಎಲ್ಲಾ ಸರಿ ಅದಾವಂತ ಹೆಂಗ ಹೇಳತಿ ತಂಗಿ?” ಅಂದರು.

ಹೇಳಲಾರೆ ಎಂದೆ. ಹಾಗಾದರೆ ಎಲ್ಲವನ್ನೂ ನೋಡೋಣ ಎಂದರು. ದಿನ ಒಂದು ತಾಸು ಬರುತ್ತಾರಂತೆ. ನೇಕಾರರು ತಂದಿದ್ದರಲ್ಲಿ ಇವತ್ತು ಹತ್ತೊಂಬತ್ತು ಡಿಜೈನ್ ನೋಡಿದೆವು. ಹನ್ನೆರಡನೆಯದರಲ್ಲಿ ಒಂದು ಹೂವಿನ ತೊಟ್ಟು ತುಂಡಾಗಿತ್ತು. ಅದು ಏಪ್ರಿಲ್‌ನಲ್ಲಿ ತಿದ್ದದೆ ಉಳಿದ ಭಾಗಾಕಾರದ ತಪ್ಪು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವರು ಕಂಡುಹಿಡಿದದ್ದಕ್ಕೆ ನನಗೆ ಖುಷಿಯಾಯಿತು.

ಬುಧವಾರ, 28 ಆಗಸ್ಟ್

ಬಸಗೊಂಡಪ್ಪನವರು ಅಂಗಡಿಗೇ ಬಂದರು. ಹಾಲಸಿದ್ದಪ್ಪ ಸ್ಟೂಲು ಒರೆಸಿ ಕೊಟ್ಟ. ಕಂಪನಿಯ ತಂತ್ರಾಂಶ ಬಂದಿದೆ, ಆದರೆ ಸಂಘದ ಹಳೆಯ ಡಿಜೈನುಗಳಲ್ಲಿ ಒಂದೂ ಅದರಲ್ಲಿ ತೆರೆಯುತ್ತಿಲ್ಲ, ಗೌರಿ ಹಬ್ಬ ಹತ್ತಿರ ಬಂತು, ತಿರುಗಿ ಬಾ ಎಂದರು.

ಶರತ್ತಿದೆ ಎಂದೆ. ಸಂಘಕ್ಕೇ ಶರತ್ತೇ ಎಂದರು. ಹೌದು ಎಂದು ಹಾಳೆ ತೆಗೆದು ಬರೆದೆ. ಒಂದು, ಎಲ್ಲ ಡಿಜೈನನ್ನೂ ಮತ್ತೆ ಪರೀಕ್ಷೆ ಮಾಡದೆ ಕಂಪ್ಯೂಟರಿನಲ್ಲಿ ಯಾವ ವರ್ಶನ್ನನ್ನೂ ಯಾರೂ ಬದಲಿಸಬಾರದು, ನಾನೂ ಸಹ. ಎರಡು, ನೇಕಾರರೊಬ್ಬರು ಗೇಣುದ್ದ ನೇಯ್ದು ಒಪ್ಪಿದ ಮೇಲೆಯೇ ಹೊಸ ಕಾರ್ಡು ಹೊರಗೆ ಹೋಗಬೇಕು, ಅವರಿಗೆ ಅದರ ಕೂಲಿ ಸಿಗಬೇಕು. ಮೂರು, ಹಳೆಯ ಡಿಜೈನ್ ತೆರೆಯದ ತಂತ್ರಾಂಶ ಬೇಡ.

ಬೋರವ್ವಕ್ಕ ಪಕ್ಕದಲ್ಲೇ ಇದ್ದರು. ಹಾಳೆ ತೆಗೆದುಕೊಂಡು ನಿಧಾನ ಓದಿದರು. ಪೆನ್ನು ಕೇಳಿದರು. ಅಕ್ಷರ ಸೊಟ್ಟ, ಆದರೆ ಸ್ಪಷ್ಟ. ತಪ್ಪ ಯಾರದು ಅಂತ ತಿಳಿಯೂತನಕ ಯಾರ ನೂಲೂ ನಿಲ್ಲಿಸಬಾರದು ಎಂದು ಬರೆದರು. ಇಷ್ಟು ದಿನದಲ್ಲಿ ಅದು ನನಗೆ ಹೊಳೆದೇ ಇರಲಿಲ್ಲ.

“ಮೊದಲಿನ ಮೂರು ನಾನ ಒಪ್ಪತೇನಿ,” ಅಂದರು ಅಧ್ಯಕ್ಷರು. “ಇದು ಸಭಾಕ್ಕ ಹೋಗಬೇಕಾಗತೈತಿ. ಇದನ್ನ ಬಿಡು ಉಜ್ವಲಾ.”

“ಇದನ್ನ ಮೊದಲ ಇಡ್ರಿ,” ಅಂದೆ. “ಇದು ಆಗಲಿಲ್ಲಂದ್ರ ಉಳದ ಮೂರೂ ಬ್ಯಾಡ. ನಾನೂ ಬರೂದಿಲ್ಲ.”

ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದರು. ಹಾಲಸಿದ್ದಪ್ಪ ತರಿಸಿದ್ದ ಚಹಾ ಹಾಗೇ ಉಳಿಯಿತು.

ಭಾನುವಾರ, 1 ಸೆಪ್ಟೆಂಬರ್

ಸಭೆ ತುಂಬಿತ್ತು. ಬೋರವ್ವಕ್ಕನ ಶರತ್ತನ್ನು ಅಧ್ಯಕ್ಷರು ಮೊದಲು ಓದಿದರು. ಮುಂದಿನ ಸಾಲಿನಿಂದ ಮುದಕಪ್ಪ ಎಂಬ ಹಿರಿಯ ಸದಸ್ಯರು ಎದ್ದು, ತಪ್ಪು ಮಾಡಿದವರಿಗೂ ನೂಲು ಕೊಡುತ್ತ ಹೋದರೆ ಸಂಘ ನಡೆಯುವುದು ಹೇಗೆ, ಇಂಥದ್ದನ್ನು ಎಲ್ಲಿಯಾದರೂ ಕೇಳಿದ್ದೀರಾ ಎಂದರು. ಹಲವರು ಹೌದು ಹೌದು ಎಂದರು.

ಬೋರವ್ವಕ್ಕ ಕೂತಲ್ಲಿಂದಲೇ ಮಾತಾಡಿದರು.

“ತಪ್ಪ ಮಾಡಿದಾಕಿ ಉಜ್ವಲಾ. ತಪ್ಪ ಹುಡುಕೂತನಕ ಆಕಿ ಪಗಾರ ನಿಂತಿತ್ತೇನ್ರಿ?”

ಅಷ್ಟೂ ಜನ ನನ್ನ ಕಡೆ ನೋಡಿದರು. ನಿಂತಿರಲಿಲ್ಲ ಎಂದೆ.

ಒಪ್ಪುವವರು ಕೈ ಎತ್ತಿ ಎಂದು ಅಧ್ಯಕ್ಷರು ಹೇಳಿದರು. ಹೆಂಗಸರ ಸಾಲಿನ ಕೈಗಳು ಮೊದಲು ಎದ್ದವು, ಆಮೇಲೆ ಗೋಡೆಯ ಬದಿ ನಿಂತವರವು. ಬಸಗೊಂಡಪ್ಪನವರ ಕೈ ಎಲ್ಲರಿಗಿಂತ ತಡವಾಗಿ ಮೇಲೆ ಹೋಯಿತು. ನಾನು ಪಗಾರದ ಕೆಲಸದವಳು, ಸದಸ್ಯೆಯಲ್ಲ, ಕೈ ಎತ್ತುವ ಹಕ್ಕು ನನಗಿಲ್ಲ. ಎತ್ತಿದೆ. ನಿಮ್ಮದು ಲೆಕ್ಕಕ್ಕೆ ಬರುವುದಿಲ್ಲ, ಇಳಿಸಿ ಎಂದ ಕಾರ್ಯದರ್ಶಿ. ಗೊತ್ತು, ನೀವು ಎಣಿಸಿ ಎಂದೆ.

ನನ್ನನ್ನು ಬಿಟ್ಟು ಎಣಿಸಿದ. ನಲವತ್ತಾರು ಬಂದವು, ಬೇಕಾಗಿದ್ದದ್ದು ಮೂವತ್ತೊಂಬತ್ತು. ಪುಸ್ತಕದಲ್ಲಿ ಬರೆದು, ಓದಿ, ಸಹಿ ಮಾಡಿಸುವ ತನಕ ನಾನು ಕೈ ಇಳಿಸಲಿಲ್ಲ.